ಅಳೆಯುವವರನ್ನು ಬಾಡಿಗೆಗೆ ತರುವ ಉದ್ಯಮ

ಸರಕು ಮಾರುವ ವರ್ತಕನಿಗೆ ತಕ್ಕಡಿಯುಂಟು. ಸೇವೆ ಮಾರುವವನು ಏನನ್ನು ತೂಗಿ ಬಿಲ್ಲು ಬರೆಯಬೇಕು? ಅಮೆರಿಕದ ವೃದ್ಧರ ಆರೈಕೆ ಗೃಹಗಳು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರವೂ, ಆ ತೂಕ ಮಾಡುವವರನ್ನು ವಾರಗಳ ಲೆಕ್ಕದಲ್ಲಿ ಹೊರಗಿನಿಂದ ಕರೆತರುವ ಅಲ್ಲಿನ ಪದ್ಧತಿಯೂ ನಮ್ಮ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಅರಿಯತಕ್ಕ ಸಂಗತಿಗಳೆಂಬುದು ನನ್ನ ಅಭಿಪ್ರಾಯ. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಅನೇಕರು ಆ ದೇಶದಲ್ಲಿ ದುಡಿಯುತ್ತಿರುವುದರಿಂದ ವಿಷಯ ನಮಗೆ ತೀರ ದೂರದ್ದೂ ಅಲ್ಲ.

ನಮ್ಮಲ್ಲಿ ನರ್ಸಿಂಗ್ ಹೋಂ ಎಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಅಶಕ್ತರು, ಮುಖ್ಯವಾಗಿ ವೃದ್ಧರು, ತಿಂಗಳುಗಟ್ಟಲೆ, ವರ್ಷಗಟ್ಟಲೆ ವಾಸಿಸುವ ಸ್ಥಳ. 1965ರಲ್ಲಿ ಸ್ಥಾಪಿತವಾದ ಮೆಡಿಕೇರ್ ಮತ್ತು ಮೆಡಿಕೇಡ್ ಯೋಜನೆಗಳ ಹಣವೇ ಇವುಗಳ ಆದಾಯದ ದೊಡ್ಡ ಪಾಲು. ಪ್ರತಿಯೊಬ್ಬ ನಿವಾಸಿಯ ಸ್ಥಿತಿಯನ್ನೂ ಏಕರೂಪದ ನಮೂನೆಯಲ್ಲಿ ದಾಖಲಿಸಬೇಕೆಂದು 1987ರ ಕಾನೂನು ವಿಧಿಸಿತು. ಅದರ ಫಲವೇ ಎಂ.ಡಿ.ಎಸ್. ಎಂಬ ಮೌಲ್ಯಮಾಪನ ನಮೂನೆ. 1998ರಿಂದ ಮೆಡಿಕೇರಿನ ದಿನವಹಿ ದರವನ್ನೂ ಇದನ್ನೇ ಆಧರಿಸಿ ನಿಗದಿಪಡಿಸಲಾಯಿತು. ಆರೈಕೆಗಾಗಿ ಹುಟ್ಟಿದ ಕಾಗದವೇ ಬಿಲ್ಲಿಗೂ ಆಧಾರವಾಯಿತು.

ಈ ನಮೂನೆಯ ಹೊಣೆ ಹೊತ್ತ ದಾದಿಯೇ ಮೌಲ್ಯಮಾಪನ ಸಂಯೋಜಕಿ. ಹಾಸಿಗೆಯಿಂದ ಏಳಲು ಎಷ್ಟು ಸಹಾಯ ಬೇಕು, ಸ್ಮರಣಶಕ್ತಿಯ ಪರೀಕ್ಷೆಯಲ್ಲಿ 15ಕ್ಕೆ ಎಷ್ಟು ಅಂಕ, ನುಂಗಲು ತೊಂದರೆಯಿದೆಯೇ, ಮಲಗಿ ಮಲಗಿ ಹುಣ್ಣಾಗಿದ್ದರೆ ಅದು ಯಾವ ಹಂತದ್ದು ಎಂಬಿತ್ಯಾದಿ ಪ್ರಶ್ನೆಗಳಿಗೆ ದಾಖಲೆಯಿಂದಲೂ ಪ್ರತ್ಯಕ್ಷ ನೋಡಿಯೂ ಉತ್ತರ ತುಂಬಬೇಕು. ಪ್ರವೇಶದ ಮೌಲ್ಯಮಾಪನ 14ನೆಯ ದಿನದೊಳಗೆ ಮುಗಿಯಬೇಕು. ಅನಂತರ ಮೂರು ತಿಂಗಳಿಗೊಮ್ಮೆ ಮರುಪರಿಶೀಲನೆ. ನೋಂದಾಯಿತ ದಾದಿಯ ಸಹಿಯಿಲ್ಲದೆ ನಮೂನೆ ಪೂರ್ಣವಾಗದು. ಮೆಡಿಕೇರ್ ಹಣಕ್ಕೆ ಆಧಾರವಾದ ಮೌಲ್ಯಮಾಪನ ತಡವಾದರೆ ಆ ದಿನಗಳಿಗೆ ಕನಿಷ್ಠ ದರವೇ ಗತಿ.

ಹೀಗಿರುವಾಗ ಸಂಯೋಜಕಿ ರಾಜೀನಾಮೆ ಕೊಟ್ಟರೆ ಅಥವಾ ಹೆರಿಗೆ ರಜೆಗೆ ಹೋದರೆ ಮಾಲೀಕನ ಪಾಡೇನು? ಆಗ ನೆರವಿಗೆ ಬರುವವರು ಸಂಚಾರಿ ಸಂಯೋಜಕಿಯರು. ಸಿಬ್ಬಂದಿ ಪೂರೈಸುವ ಸಂಸ್ಥೆಯ ಮೂಲಕ ಸಾಮಾನ್ಯವಾಗಿ 13 ವಾರಗಳ ಕರಾರಿನ ಮೇಲೆ ಬಂದು, ಕೆಲಸ ಮುಗಿಸಿ ಮತ್ತೊಂದು ಊರಿಗೆ ತೆರಳುತ್ತಾರೆ. ಗಂಟೆಯ ವೇತನದೊಂದಿಗೆ ವಸತಿ ಮತ್ತು ಊಟದ ಭತ್ಯೆಯೂ ಸಿಗುವುದುಂಟು. ಅವರಿಗೆ ಬೇರೆಡೆ ಖಾಯಂ ನೆಲೆಯಿದ್ದು, ಒಂದೇ ಊರಿನ ಕೆಲಸ ವರ್ಷ ಮೀರುವ ನಿರೀಕ್ಷೆ ಇಲ್ಲದಿದ್ದರೆ ಮಾತ್ರ ಆ ಭತ್ಯೆಗೆ ತೆರಿಗೆ ವಿನಾಯಿತಿ. (ತೆರಿಗೆಯ ಸೂಕ್ಷ್ಮಗಳು ಎಲ್ಲ ದೇಶಗಳಲ್ಲೂ ಒಂದೇ ಜಾತಿಯವು!) ಇದನ್ನು ದುಂದುವೆಚ್ಚವೆಂದು ಜರೆಯುವವರನ್ನು ನಾನು ಒಪ್ಪಲಾರೆ. ಖಾಲಿ ಕುರ್ಚಿಯಿಂದ ಆಗುವ ನಷ್ಟ ಬಾಡಿಗೆಗಿಂತ ಹೆಚ್ಚು. ಹೊರಗಿನವರ ಹೊಸ ಕಣ್ಣಿಗೆ ಹಳೆಯ ತಪ್ಪುಗಳೂ ಗೋಚರಿಸುತ್ತವೆ.

ಆದರೆ ಆಪತ್ಕಾಲದ ಏರ್ಪಾಡೇ ನಿತ್ಯದ ಏರ್ಪಾಡಾದಾಗ ತೊಂದರೆ ಪ್ರಾರಂಭ. ಉದಾಹರಣೆಗೆ, ಹಗಲಿನಲ್ಲಿ ತಾನೇ ನಡೆದು ಶೌಚಾಲಯಕ್ಕೆ ಹೋಗುವ ಅಜ್ಜಿಗೆ ರಾತ್ರಿ ಇಬ್ಬರ ಆಸರೆ ಬೇಕಾಗಬಹುದು. ರಾತ್ರಿ ಪಾಳಿಯ ಸಹಾಯಕಿ ಅವಸರದಲ್ಲಿ 'ಸಹಾಯ ಬೇಕಿಲ್ಲ' ಎಂದು ಗುರುತು ಹಾಕಿದರೆ, ಆ ಮೊಗಸಾಲೆಯಲ್ಲಿ ನಿತ್ಯ ಓಡಾಡುವ ಸಂಯೋಜಕಿ 'ಇದು ಹೀಗಿರಲಾರದು' ಎಂದು ವಿಚಾರಿಸುತ್ತಾಳೆ. ನಿನ್ನೆ ಬಂದವಳು ಕಾಗದವನ್ನೇ ನಂಬಬೇಕಾಗುತ್ತದೆ. ಆಗ ದರ ಕುಸಿಯುವುದಷ್ಟೇ ಅಲ್ಲ, ಆರೈಕೆಯ ಯೋಜನೆಯೇ ತಪ್ಪಿ ಅಜ್ಜಿ ರಾತ್ರಿ ಬೀಳುತ್ತಾಳೆ. ಇದರ ವಿರುದ್ಧ ದಿಕ್ಕಿನ ಆಮಿಷವೂ ಉಂಟು. ಇಲ್ಲದ ಅಶಕ್ತತೆಯನ್ನು ಬರೆದು ಹೆಚ್ಚು ದರ ಪಡೆಯಬಹುದು. ಸರ್ಕಾರಕ್ಕೆ ಸುಳ್ಳು ಬಿಲ್ಲು ಸಲ್ಲಿಸಿದವರಿಂದ ನಷ್ಟದ ಮೂರು ಪಟ್ಟು ವಸೂಲು ಮಾಡಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಸಹಿ ಹಾಕಿದವಳು ಆ ವೇಳೆಗೆ ಮತ್ತೊಂದು ರಾಜ್ಯದಲ್ಲಿರುತ್ತಾಳೆ. ಕಡತ ಮಾತ್ರ ಮಾಲೀಕನ ಬೀರುವಿನಲ್ಲಿರುತ್ತದೆ.

ತೂಕದ ಕಲ್ಲು ಬದಲಾದರೆ ಅಂಗಡಿಯೇ ಬದಲಾಗುವುದೆಂಬುದಕ್ಕೆ ಅಲ್ಲಿನದೇ ನಿದರ್ಶನವಿದೆ. ಮೊದಲು ನಿವಾಸಿಗೆ ನೀಡಿದ ಅಂಗಸಾಧನೆ ಮೊದಲಾದ ಚಿಕಿತ್ಸೆಯ ನಿಮಿಷಗಳು ಹೆಚ್ಚಿದಷ್ಟೂ ದರ ಏರುತ್ತಿತ್ತು. ಅತ್ಯುಚ್ಚ ವರ್ಗಕ್ಕೆ ವಾರಕ್ಕೆ 720 ನಿಮಿಷ. 2019ರ ಅಕ್ಟೋಬರ್ 1ರಿಂದ ನಿಮಿಷಗಳ ಲೆಕ್ಕ ಹೋಗಿ, ರೋಗಿಯ ಲಕ್ಷಣಗಳ ಲೆಕ್ಕ ಬಂದಿತು. ಕೂಡಲೇ ಚಿಕಿತ್ಸೆಯ ನಿಮಿಷಗಳು ಇಳಿದವು. ಅನೇಕ ಚಿಕಿತ್ಸಕರು ಕೆಲಸ ಕಳೆದುಕೊಂಡರು. ಒಂದೇ ರಾತ್ರಿಯಲ್ಲಿ ವೃದ್ಧರ ಮೊಣಕಾಲು ಗಟ್ಟಿಯಾದುವೆಂದು ಯಾರೂ ಹೇಳಲಾರರು.

ನಮ್ಮ ರಾಜ್ಯದಲ್ಲಿಯೂ ವೃದ್ಧರ ಆರೈಕೆ ಇಂದು ಒಂದು ವ್ಯಾಪಾರವಾಗಿ ಬೆಳೆಯುತ್ತಿದೆ. ಈ ಕ್ಷೇತ್ರಕ್ಕೆ ಬಂಡವಾಳ ಹೂಡಬಯಸುವ ಸದಸ್ಯರು ಕಟ್ಟಡದ ನಕ್ಷೆಯೊಂದಿಗೇ ಅಳತೆಯ ನಮೂನೆಯನ್ನೂ ಸಿದ್ಧಪಡಿಸಿಕೊಳ್ಳುವುದು ಒಳಿತು. ಅದನ್ನು ತುಂಬುವವರು ಖಾಯಂ ನೌಕರರಾಗಿರಲಿ, ತಪಾಸಣೆಗೆ ಮಾತ್ರ ಹೊರಗಿನವರು ಬರಲಿ. ಅನಿವಾರ್ಯವಾಗಿ ತಾತ್ಕಾಲಿಕರನ್ನು ಕರೆತಂದಾಗ ಮೊದಲ ಎರಡು ದಿನ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸದೆ, ರಾತ್ರಿ ಪಾಳಿಯೂ ಸೇರಿದಂತೆ ಸಹಾಯಕಿಯರೊಡನೆ ಓಡಾಡಲು ಬಿಡಬೇಕು. ಕರಾರಿನ ಕೊನೆಯ ವಾರವನ್ನು ಹೊಸಬರಿಗೆ ಕಡತ ಒಪ್ಪಿಸಲೆಂದೇ ಮೀಸಲಿಟ್ಟು, ಆ ವಾರದ ಸಂಬಳವನ್ನು ಕರಾರಿನಲ್ಲಿಯೇ ಪ್ರತ್ಯೇಕವಾಗಿ ನಮೂದಿಸತಕ್ಕದ್ದು.