ಗುಡ್ಡ ಹತ್ತಿದವರು, ಬೀದಿಯಲ್ಲೇ ಉಳಿದವರು

ಗೆಳೆಯರೇ, ‘ಕಾನ್ವೆಂಟ್’ ಎಂದರೆ ಸಾಕು, ನಮ್ಮ ಹುಡುಗರ ಕೈ ಮಸಿ ಡಬ್ಬಕ್ಕೆ ಹೋಗುತ್ತದೆ. ತುಸು ತಾಳಿ! ಮಂಗಳೂರಿನ ಸಂತ ಅಲೋಶಿಯಸ್ ಕತೆ ಕೇಳಿ. 1878ರ ಕೊನೆಯ ದಿನ ಇಟಲಿಯಿಂದ ಬಂದಿಳಿದ ಜೆಸ್ವಿಟ್ ಪಾದ್ರಿಗಳು 1880ರ ಜನವರಿಯಲ್ಲಿ ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಪಾಠ ಶುರುಮಾಡಿದರು. ಊರಿನ ಕೆಥೋಲಿಕ ಕುಟುಂಬವೊಂದು ಗುಡ್ಡದ ಜಾಗ ಕೊಟ್ಟಿತು. 1885ಕ್ಕೆ ಶಾಲೆ ಗುಡ್ಡ ಹತ್ತಿತು. ಪ್ರೆಸ್ಸನ್ನೂ ಹಾಕಿದರು (ನನ್ನ ಹೊಟ್ಟೆಕಿಚ್ಚು ಅಲ್ಲೇ!). ಜೊತೆಗೆ ಬೆಳೆದ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ನಾವೇನು ಕಟ್ಟಿದೆವು? ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ಎಂಬ 1994ರ ಸರ್ಕಾರಿ ಆದೇಶ ಬಂದಾಗ ಗೆದ್ದೆವೆಂದು ಕುಣಿದೆವು. ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿದಾಗ ಎದೆ ಬಡಿದುಕೊಂಡೆವು. ಆ ಇಪ್ಪತ್ತು ವರ್ಷದಲ್ಲಿ ಗುಡ್ಡ ಬೇಡ, ಬಡಾವಣೆಯ ಒಂದು ಸೈಟನ್ನು ಕನ್ನಡ ಶಾಲೆಗೆ ಬರೆದುಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಮೊನ್ನೆ ಊರಾಚೆಯ ಕ್ರೈಸ್ತ ಶಾಲೆಯೊಂದರ ಅಂಕಪಟ್ಟಿ ನನ್ನ ಪ್ರೆಸ್ಸಿಗೆ ಬಂತು. ಪೂರಾ ಇಂಗ್ಲಿಷ್. “ಕನ್ನಡದಲ್ಲೂ ಹಾಕೋಣವೇ ಫಾದರ್?” ಅಂದೆ. “ಹಾಕಿ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ” ಅಂದರು.

ಕರಡು ತಿದ್ದಲು ಶನಿವಾರ ಸಂಜೆ ಇಬ್ಬರು ಹುಡುಗರು ಬೇಕು. ಕಾಗುಣಿತ ಬಲ್ಲವರು ಬನ್ನಿ.