ಬಾಟಲಿಯಲ್ಲಿ ಸತ್ತರೆ ಸಾಕೇ?

ಮಕ್ಕಳೇ, ಬೇಕರಿ ಯೀಸ್ಟ್‌ನಿಂದ ಶಾಲೆಯಲ್ಲಿ ಮಾಡುವ ಪ್ರಯೋಗ ನಿಮಗೆ ಗೊತ್ತು. ಬಾಟಲಿಗೆ ಸಕ್ಕರೆ, ಉಗುರುಬೆಚ್ಚಗಿನ ನೀರು, ಯೀಸ್ಟ್ ಹಾಕಿ ಬಾಯಿಗೆ ಬಲೂನು ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಉಬ್ಬುತ್ತದೆ. ಯೀಸ್ಟನ್ನು ಮೊದಲೇ ಕುದಿಸಿ, ತಣಿಸಿ ಹಾಕಿದರೆ ಬಲೂನು ಜೋತೇ ಇರುತ್ತದೆ. ಕುದಿಯುವ ನೀರು ಯೀಸ್ಟನ್ನು ಕೊಲ್ಲುತ್ತದೆ, ಸರಿ. ಹಾಗಂತ ಯೀಸ್ಟ್ ಸೋಂಕು ಬಂದ ಜಾಗಕ್ಕೆ ಯಾರಾದರೂ ಕುದಿಯುವ ನೀರು ಹೊಯ್ದುಕೊಳ್ತಾರಾ?

ನಾನು ಹೆಚ್ಚುಕಡಿಮೆ ಅದನ್ನೇ ಮಾಡಿದ್ದೆ. ಬಿ.ಎಡ್. ಓದುವಾಗ ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ, ಸರಿಯಾಗಿ ಒಣಗದ ಬಟ್ಟೆ ಹಾಕಿ ಹಾಕಿ ತೊಡೆಸಂದಿಯಲ್ಲಿ ತುರಿಕೆ ಶುರುವಾಯಿತು. ಡಾಕ್ಟರಿಗೆ ತೋರಿಸಲು ನಾಚಿಕೆ. ‘ಮನೆಮದ್ದು ಅಲ್ವಾ, ಏನಾಗುತ್ತೆ’ ಅಂತ ಹಸಿ ಬೆಳ್ಳುಳ್ಳಿ ಅರೆದು ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಚರ್ಮ ಸುಟ್ಟು ಗುಳ್ಳೆ ಎದ್ದಿತ್ತು. ಕೊನೆಗೆ ಡಾಕ್ಟರ ಹತ್ತಿರ ಹೋಗಲೇಬೇಕಾಯಿತು, ಅದೂ ಎರಡು ಕಾಯಿಲೆ ಹೊತ್ತುಕೊಂಡು!

ಬೆಳ್ಳುಳ್ಳಿಯ ಅಲಿಸಿನ್, ತೆಂಗಿನೆಣ್ಣೆಯ ಲಾರಿಕ್ ಆಮ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟನ್ನು ತಡೆಯುತ್ತವೆ, ಸುಳ್ಳಲ್ಲ. ಆದರೆ ತಟ್ಟೆಗೆ ಚರ್ಮವಿಲ್ಲ, ಉರಿಯೂ ಇಲ್ಲ. ಮೊಸರು ಊಟಕ್ಕೆ ಬಹಳ ಒಳ್ಳೆಯದು. ಆದರೆ ಮೊಸರಿನ ಬ್ಯಾಕ್ಟೀರಿಯಾಗಳೂ ಹೆಣ್ಣುಮಕ್ಕಳ ಯೋನಿಯಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾಗಳೂ ಸಾಮಾನ್ಯವಾಗಿ ಬೇರೆ ಬೇರೆ ಪ್ರಭೇದದವು. ಅದನ್ನು ಒಳಗೆ ಹಚ್ಚಿಕೊಳ್ಳುವುದು ಬೇಡ.

‘ಕೆಮಿಕಲ್ ಬೇಡ, ನೈಸರ್ಗಿಕ ಬೇಕು’ ಅನ್ನುವವರಿಗೆ ಒಂದು ಕತೆ. ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಡೈರಿ ಫಾರ್ಮಿನ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ನಿಸ್ಟಾಟಿನ್ ಎಂಬ ಮದ್ದನ್ನು ಬೇರ್ಪಡಿಸಿ 1950ರಲ್ಲಿ ಪ್ರಕಟಿಸಿದರು. ಕ್ಯಾಂಡಿಡಾಕ್ಕೆ ಇಂದಿಗೂ ಬಳಸುವ ಮದ್ದು ಅದು. ಮಣ್ಣಿನಿಂದ ಬಂದದ್ದಕ್ಕಿಂತ ನೈಸರ್ಗಿಕ ಯಾವುದಿದೆ? ಅದು ಮದ್ದಾದದ್ದು ಮಾತ್ರ ಶುದ್ಧೀಕರಿಸಿ, ಪ್ರಮಾಣ ಗೊತ್ತುಮಾಡಿ, ದೇಹದ ಮೇಲೆ ಪರೀಕ್ಷಿಸಿದ ಮೇಲೆ. ಆದ್ದರಿಂದ ‘ನೈಸರ್ಗಿಕವೇ?’ ಎಂದು ಕೇಳಿದರೆ ಸಾಲದು. ‘ದೇಹದ ಮೇಲೆ ಪರೀಕ್ಷೆಯಾಗಿದೆಯೇ? ಎಷ್ಟು ಹಚ್ಚಬೇಕು? ತೊಂದರೆ ಏನು?’ ಎಂದೂ ಕೇಳಿ.

ಇನ್ನೊಂದು ಮಾತು. ಕ್ಯಾಂಡಿಡಾ ನಮ್ಮ ಬಾಯಿ, ಕರುಳು, ಚರ್ಮದಲ್ಲಿ ಸುಮ್ಮನೆ ಇರುವಂಥದ್ದು. ಆಂಟಿಬಯೋಟಿಕ್ ತೆಗೆದುಕೊಂಡಾಗ, ಸಕ್ಕರೆ ಕಾಯಿಲೆ ಇದ್ದಾಗ, ಚರ್ಮದ ಮಡಿಕೆ ಸದಾ ಒದ್ದೆಯಿದ್ದಾಗ ಅದು ಹೆಚ್ಚುತ್ತದೆ. ಹುಡುಗಿಯರಿಗೂ ಬರುತ್ತದೆ, ಹುಡುಗರಿಗೂ ಬರುತ್ತದೆ. ಇದು ಕೊಳಕರ ಕಾಯಿಲೆ ಅಲ್ಲ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಒದ್ದೆ ಬಟ್ಟೆ ಬೇಗ ಬದಲಿಸಿ, ಸಡಿಲವಾದ ಹತ್ತಿಯ ಒಳಉಡುಪು ಹಾಕಿ, ಮಿಂದ ಮೇಲೆ ಚೆನ್ನಾಗಿ ಒರೆಸಿಕೊಳ್ಳಿ. ಹುಡುಗಿಯರು ಯೋನಿಯೊಳಗೆ ಸೋಪು ಹಾಕಿ ತೊಳೆಯಬಾರದು. ಮೆಡಿಕಲ್ ಶಾಪಿನಲ್ಲಿ ಯಾವುದೋ ಟ್ಯೂಬ್ ಕೇಳಿ ತರಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ನಿಂತಂತೆ ಕಂಡರೂ ಶಿಲೀಂಧ್ರ ಒಳಗೊಳಗೇ ಹಬ್ಬಬಹುದು.

ತುರಿಕೆ, ಉರಿ, ಮೊಸರಿನಂಥ ಬಿಳಿ ಸ್ರಾವ ಕಂಡರೆ ಅಮ್ಮನಿಗೋ ಟೀಚರಿಗೋ ಹೇಳಿ, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇರೆ ಕೆಲವು ಸೋಂಕುಗಳೂ ಹೀಗೇ ಕಾಣುವುದರಿಂದ ಡಾಕ್ಟರು ನೋಡಿಯೇ ಮದ್ದು ಕೊಡಬೇಕು. ಅಲ್ಲಿ ನಾಚಿಕೊಳ್ಳಬೇಡಿ. ನಾನು ನಾಚಿಕೊಂಡು ಏನಾಯಿತೆಂದು ಮೇಲೆ ಹೇಳಿದ್ದೇನಲ್ಲ!