ಶಾಲೆಯ ಸಿಂಗಾರ ಮತ್ತು ಹಿರಿಯರ ಗೌರವ

ಜುಲೈ ತಿಂಗಳ ಕೊನೆಯ ವಾರ ಸಮೀಪಿಸುತ್ತಿದ್ದಂತೆ ನಮ್ಮ ಅನೇಕ ಕಥೋಲಿಕ ಶಾಲೆಗಳ ಜಗಲಿಗಳೂ ತರಗತಿ ಕೋಣೆಗಳೂ ಹೊಸ ಬಣ್ಣ ತಳೆಯುತ್ತವೆ. ಮಕ್ಕಳು ಕತ್ತರಿಸಿ ಅಂಟಿಸಿದ ಕಾಗದದ ಹೂಗಳು, ಅಜ್ಜನ ಕನ್ನಡಕ, ಊರುಗೋಲುಗಳ ಚಿತ್ರಗಳು, ಪುಟ್ಟ ಅಂಗೈಗಳ ಅಚ್ಚನ್ನೇ ಎಲೆಗಳಾಗಿ ಜೋಡಿಸಿದ ವಂಶವೃಕ್ಷಗಳು, ಹಿರಿಯರಿಗೆಂದು ಬರೆದ ಶುಭಾಶಯ ಪತ್ರಗಳು ಗೋಡೆಗಳನ್ನು ತುಂಬುತ್ತವೆ. ಅಜ್ಜ-ಅಜ್ಜಿಯರ ದಿನಾಚರಣೆಯ ಸಿದ್ಧತೆಯಿದು. ವರ್ಷವಿಡೀ ವೇಳಾಪಟ್ಟಿ, ಅಂಕಪಟ್ಟಿ, ಶಿಸ್ತಿನ ಸೂಚನೆಗಳನ್ನು ಹೊತ್ತು ನಿಲ್ಲುವ ಗೋಡೆಗಳು ಕೆಲವು ದಿನಗಳ ಮಟ್ಟಿಗಾದರೂ ಮನೆಯ ಹಿರಿಯರ ನೆನಪನ್ನು ಹೊತ್ತು ನಿಲ್ಲುವುದು ಸಂತೋಷದ ವಿಷಯ. ಈ ಸಂತೋಷದಲ್ಲಿ ಪಾಲ್ಗೊಳ್ಳುತ್ತಲೇ, ಸಿಂಗಾರದ ಹಿಂದಿರುವ ಉದ್ದೇಶದ ಬಗ್ಗೆ ನಮ್ಮ ಕುಟುಂಬಗಳೊಂದಿಗೂ ಶಿಕ್ಷಕವೃಂದದೊಂದಿಗೂ ಕೆಲವು ಮಾತುಗಳನ್ನಾಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಆಚರಣೆಗೆ ಧರ್ಮಸಭೆಯಲ್ಲಿ ನಿಶ್ಚಿತ ಸ್ಥಾನ ದೊರೆತದ್ದು ಇತ್ತೀಚೆಗೆ. ಪ್ರತಿ ವರ್ಷ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನಾಗಿ ಆಚರಿಸಬೇಕೆಂದು ಪೋಪ್ ಫ್ರಾನ್ಸಿಸ್ ಅವರು 2021ರ ಜನವರಿ 31ರಂದು ಪ್ರಕಟಿಸಿದರು. ಮೊದಲ ಆಚರಣೆ ಅದೇ ವರ್ಷ ಜುಲೈ 25ರಂದು ನಡೆಯಿತು. ಕೊರೋನಾ ವ್ಯಾಧಿಯ ಭಯದಿಂದ ಎಷ್ಟೋ ವೃದ್ಧರು ಮೊಮ್ಮಕ್ಕಳ ಮುಖ ಕಾಣದೆ ಕೋಣೆಗಳಲ್ಲೇ ಉಳಿಯಬೇಕಾಗಿದ್ದ ಕಾಲವದು. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ಅವರು ದೈವಾಧೀನರಾದ ಬಳಿಕವೂ ಈ ಆಚರಣೆ ನಿಲ್ಲಲಿಲ್ಲ. ಅದೇ ವರ್ಷ ಜುಲೈ 27ರಂದು ಬಂದ ಐದನೆಯ ವಿಶ್ವ ದಿನಕ್ಕೆ ಪೋಪ್ 14ನೇ ಲಿಯೊ ಅವರು ಸಂದೇಶವಿತ್ತರು. ವಿಶ್ವಸಂಸ್ಥೆಯು 1990ರಲ್ಲಿ ಗೊತ್ತುಪಡಿಸಿದ ಅಕ್ಟೋಬರ್ 1ರ ಹಿರಿಯರ ದಿನವೂ ನಮ್ಮಲ್ಲಿ ಆಚರಣೆಯಲ್ಲಿದೆ. ಆದರೆ ಜುಲೈ ತಿಂಗಳ ಈ ದಿನದಲ್ಲಿ ಹಿರಿಯರೊಂದಿಗೆ ಮೊಮ್ಮಕ್ಕಳನ್ನೂ ಕೂಡಿಸಿ ನೋಡಲಾಗಿದೆ ಎಂಬುದು ವಿಶೇಷ.

ಜುಲೈ ತಿಂಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಜುಲೈ 26 ಮಾತೆ ಮರಿಯಮ್ಮನವರ ಹೆತ್ತವರೂ ಯೇಸುಸ್ವಾಮಿಯ ಅಜ್ಜ-ಅಜ್ಜಿಯರೂ ಆದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಸ್ಮರಣೆಯ ದಿನ. ಗಮನಿಸಬೇಕಾದ ಸಂಗತಿಯೆಂದರೆ, ಬೈಬಲಿನಲ್ಲಿ ಎಲ್ಲಿಯೂ ಇವರಿಬ್ಬರ ಹೆಸರಿಲ್ಲ. ಬೈಬಲಿಗೆ ಸೇರದ, ಎರಡನೆಯ ಶತಮಾನದ ಒಂದು ಬರಹದಿಂದಲೂ ವಿಶ್ವಾಸಿಗಳ ಪರಂಪರೆಯಿಂದಲೂ ನಮಗೆ ಈ ಹೆಸರುಗಳು ಬಂದಿವೆ. ಪವಿತ್ರ ಗ್ರಂಥ ದಾಖಲಿಸದ ಅಜ್ಜ-ಅಜ್ಜಿಯರ ಹೆಸರನ್ನು ಜನರ ಪ್ರೀತಿ ಕಾಪಾಡಿಕೊಂಡು ಬಂದಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯನ್ನು ಮನೆಗೆ ತಂದು ಮರಿಯಮ್ಮನವರ ಜನನವನ್ನು ಕೊಂಡಾಡುವ ನಾವು, ಅದು ಜೋಕಿಮ್-ಅನ್ನಮ್ಮನವರ ಮನೆಯ ಹಬ್ಬವೂ ಹೌದೆಂಬುದನ್ನು ನೆನೆಯಬೇಕು. ಇಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ತಮ್ಮ ಅಜ್ಜಿಯ ಪೂರ್ಣ ಹೆಸರು ಗೊತ್ತಿದೆ? ಆಕೆಯ ತವರೂರು ಯಾವುದು, ಆಕೆ ಎಷ್ಟನೆಯ ತರಗತಿಯವರೆಗೆ ಓದಿದರು, ಯಾವ ವಯಸ್ಸಿನಲ್ಲಿ ದುಡಿಯತೊಡಗಿದರು ಎಂಬುದು ಎಷ್ಟು ಮಕ್ಕಳಿಗೆ ತಿಳಿದಿದೆ? ವಂಶವೃಕ್ಷದ ಕೊಂಬೆಗಳ ಮೇಲೆ ‘ಅಜ್ಜ’, ‘ಅಜ್ಜಿ’ ಎಂದಷ್ಟೇ ಬರೆದು ಬಣ್ಣ ಹಚ್ಚಿದರೆ ಚಿತ್ರ ಪೂರ್ಣವಾಗಬಹುದು, ಪರಿಚಯ ಪೂರ್ಣವಾಗದು.

ಇಲ್ಲಿಯೇ ನಾವು ಹೇಳಬೇಕಾದ ಮುಖ್ಯ ಮಾತಿದೆ. ಮಗುವಿನ ಕೈಕೆಲಸಕ್ಕೆ ಬೆಲೆ ಬರುವುದು ಅದರ ಅಂದದಿಂದಲ್ಲ, ಅದನ್ನು ಮಾಡಲು ಮಗು ಹಿರಿಯರ ಪಕ್ಕದಲ್ಲಿ ಕುಳಿತ ಹೊತ್ತಿನಿಂದ. ಆ ಹೊತ್ತು ಇಲ್ಲದೆ ಗೋಡೆಗೇರಿದ ಕಾಗದ ಬರಿಯ ಅಲಂಕಾರ. ವಾಸ್ತವವಾಗಿ ಹಲವೆಡೆ ನಡೆಯುವುದೇನು? ಆಚರಣೆಯ ಮುನ್ನಾದಿನ ತಂದೆ ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ತಾಯಿ ಅಡುಗೆ ಮುಗಿಸಿ ರಾತ್ರಿ ಹನ್ನೊಂದರವರೆಗೆ ಕತ್ತರಿ ಹಿಡಿದು ಕೂರುತ್ತಾರೆ. ಮಗು ನಿದ್ದೆಹೋಗಿರುತ್ತದೆ. ಯಾರ ಗೌರವಕ್ಕೆಂದು ಇಷ್ಟೆಲ್ಲ ನಡೆಯುತ್ತಿದೆಯೋ ಆ ಅಜ್ಜಿ ಒಳಕೋಣೆಯಲ್ಲಿ ಜಪಸರ ಹಿಡಿದು, ಹೊರಗೆ ಏನು ನಡೆಯುತ್ತಿದೆಯೆಂದು ತಿಳಿಯದೆ ಕುಳಿತಿರುತ್ತಾರೆ. ಮರುದಿನ ಅತ್ಯುತ್ತಮ ಅಲಂಕಾರಕ್ಕೆ ಬಹುಮಾನ! ಅದು ಸಲ್ಲುವುದು ಹೆಚ್ಚು ಖರ್ಚು ಮಾಡಲು ಶಕ್ತವಾದ ಮನೆಗೆ. ಕೂಲಿಮಾಡಿ ಬದುಕುವ ಮನೆಯ ಮಗು ತಾನೇ ಬಿಡಿಸಿದ ವಕ್ರವಾದ ಚಿತ್ರವನ್ನು ನಾಚಿಕೆಯಿಂದ ಚೀಲದಲ್ಲೇ ಇಟ್ಟುಕೊಳ್ಳುತ್ತದೆ. ಹಿರಿಯರ ಗೌರವದ ಹೆಸರಿನಲ್ಲಿ ಕಿರಿಯರಿಗೆ ಇಂಥ ಅವಮಾನವಾಗಬಾರದು. ಆದುದರಿಂದ ಈ ಒಂದು ದಿನದ ಮಟ್ಟಿಗೆ ಸ್ಪರ್ಧೆಯೂ ಬಹುಮಾನವೂ ಬೇಡವೆಂಬುದು ನಮ್ಮ ನಮ್ರ ಅಭಿಪ್ರಾಯ.

ಅಲಂಕಾರದ ಸಾಮಗ್ರಿಯ ವಿಷಯದಲ್ಲಿಯೂ ವಿವೇಕ ಅಗತ್ಯ. ಅಲಂಕಾರಕ್ಕೆ ಬಳಸುವ ಥರ್ಮೊಕೋಲನ್ನು ಕೇಂದ್ರ ಸರಕಾರವು 2022ರ ಜುಲೈ 1ರಿಂದ ಇತರ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳೊಂದಿಗೆ ನಿಷೇಧಿಸಿದೆ. ಇನ್ನು ನಮ್ಮ ಕರಾವಳಿಯಲ್ಲಿ ಜುಲೈ ಎಂದರೆ ಆಟಿಯ ಮಳೆ. ಗೋಡೆಗಳೇ ಬೆವರುವ ಆ ದಿನಗಳಲ್ಲಿ ಕಾಗದ ಮೆತ್ತಗಾಗಿ ಬಾಗುತ್ತದೆ, ಗೋಂದು ಬಿಟ್ಟುಬರುತ್ತದೆ. ಹಾಗಾದರೆ ಯಾವುದರಿಂದ ಸಿಂಗರಿಸುವುದು? ಈ ಪ್ರಶ್ನೆಯನ್ನು ಶಿಕ್ಷಕರು ಮಕ್ಕಳಿಗೆ ಹಾಕಲಿ, ಮಕ್ಕಳು ಅದನ್ನು ಅಜ್ಜ-ಅಜ್ಜಿಯರಿಗೆ ಹಾಕಲಿ. ಉತ್ತರ ಅವರ ಕೈಬೆರಳುಗಳಲ್ಲಿದೆ.

ತೆಂಗಿನ ಗರಿಯಿಂದ ಗಿರಿಗಿಟ್ಲೆ, ಪೀಪಿ, ಹಾವು, ಹಕ್ಕಿಗಳನ್ನು ಮಾಡಬಲ್ಲವರು ನಮ್ಮ ಅಜ್ಜಂದಿರು. ಮಡಲು ಹೆಣೆದು ಮನೆಯ ಮಾಡು ಮುಚ್ಚಿದವರು, ಅಡಿಕೆ ಹಾಳೆಯ ಮುಟ್ಟಾಳೆ ಹೊಲಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂಡುಗದ ಓಲೆಯ ಮುಳ್ಳು ತೆಗೆದು, ಒಣಗಿಸಿ, ಸೀಳಿ ಚಾಪೆ ಹೆಣೆಯುವ ಅಜ್ಜಿಯರಿದ್ದಾರೆ. ಧರ್ಮಭಗಿನಿಯರಿಂದ ಕಲಿತ ಹೆಣಿಗೆ, ಕಸೂತಿಗಳನ್ನು ಮಂದವಾದ ಕಣ್ಣುಗಳಲ್ಲಿಯೂ ಮುಂದುವರಿಸುವವರಿದ್ದಾರೆ. ಗರಿಗಳ ಭಾನುವಾರದಂದು ಗುರುಗಳು ಆಶೀರ್ವದಿಸಿದ ಗರಿಯನ್ನು ಮಡಚಿ ಶಿಲುಬೆ ಮಾಡುವುದು, ಕ್ರಿಸ್ಮಸ್‌ಗೆ ಬಿದಿರ ಕಡ್ಡಿಗಳನ್ನು ಕಟ್ಟಿ ನಕ್ಷತ್ರದೀಪ ಮಾಡುವುದು, ಗೋದಲಿಗೆಂದು ಚಿಕ್ಕ ಬಟ್ಟಲುಗಳಲ್ಲಿ ಭತ್ತ, ರಾಗಿ ಬಿತ್ತಿ ಹಸಿರು ಚಿಗುರಿಸುವುದು ಇವೆಲ್ಲ ಪಠ್ಯಪುಸ್ತಕದಿಂದ ಬಂದ ವಿದ್ಯೆಯಲ್ಲ. ಒಬ್ಬರ ಕೈಯನ್ನು ನೋಡಿ ಇನ್ನೊಬ್ಬರ ಕೈ ಕಲಿತದ್ದು. ಅಂಗಡಿಯ ಪ್ಲಾಸ್ಟಿಕ್ ನಕ್ಷತ್ರ ಬಂದ ಮೇಲೆ ಮನೆಮನೆಯ ಬಿದಿರ ನಕ್ಷತ್ರಗಳು ವಿರಳವಾದವು. ಅವುಗಳನ್ನು ಕಟ್ಟುವಾಗ ನಡೆಯುತ್ತಿದ್ದ ಮಾತುಕತೆಯೂ ಅದರೊಂದಿಗೆ ವಿರಳವಾಯಿತು. ಶಾಲೆಯ ಈ ಸಿಂಗಾರ ಆ ಸಂಭಾಷಣೆಯನ್ನು ಮತ್ತೆ ಆರಂಭಿಸಬಲ್ಲದು. ಆಚರಣೆಗೆ ಎರಡು ವಾರ ಮುನ್ನವೇ ಸಿದ್ಧತೆ ತೊಡಗಿದರೆ, ಬಂದು ಕಲಿಸಬಲ್ಲ ಐದಾರು ಮಂದಿ ಹಿರಿಯರನ್ನು ತರಗತಿಗೇ ಕರೆಸಬಹುದು. ಆಗ ಹಿರಿಯರು ಶಾಲೆಗೆ ಬರುವುದು ಸನ್ಮಾನದ ಕುರ್ಚಿಯಲ್ಲಿ ಕೂರಲು ಮಾತ್ರವಲ್ಲ, ಗುರುಗಳಾಗಿ.

ಕೈಕೆಲಸಕ್ಕೆ ಇನ್ನೊಂದು ಗುಣವಿದೆ. ಇಂದು ಅನೇಕ ಮನೆಗಳಲ್ಲಿ ಅಜ್ಜಿಯ ಭಾಷೆಯೇ ಬೇರೆ, ಮೊಮ್ಮಗುವಿನ ಭಾಷೆಯೇ ಬೇರೆಯಾಗಿದೆ. ಅಜ್ಜಿಗೆ ಕೊಂಕಣಿ, ತುಳು, ಕನ್ನಡ, ಮಗುವಿಗೆ ಇಂಗ್ಲಿಷ್. ರಜೆಯಲ್ಲಿ ಮುಂಬಯಿಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಬಂದ ಮೊಮ್ಮಕ್ಕಳು ಅಜ್ಜಿಯ ಮುಂದೆ ಎರಡು ನಿಮಿಷ ನಿಂತು, ಮಾತು ತೋಚದೆ ಮೊಬೈಲಿಗೆ ಮರಳುವುದನ್ನು ನಾವೆಲ್ಲ ಕಂಡಿದ್ದೇವೆ. ತಪ್ಪು ಮಗುವಿನದಲ್ಲ. ಆದರೆ ಗರಿಯನ್ನು ಎಲ್ಲಿ ಮಡಚಬೇಕು, ದಾರವನ್ನು ಎಷ್ಟು ಬಿಗಿಯಬೇಕು ಎಂಬುದನ್ನು ತೋರಿಸಲು ಹೆಚ್ಚು ಮಾತು ಬೇಕಿಲ್ಲ. ಮೊದಲು ಕೈಗಳು ಜೊತೆಗೂಡುತ್ತವೆ, ಆಮೇಲೆ ಒಂದೊಂದೇ ಪದ ಬರುತ್ತದೆ. ಗರಿ, ಕಡ್ಡಿ, ಗಂಟು ಇವುಗಳ ಹೆಸರನ್ನು ಅಜ್ಜಿಯ ಭಾಷೆಯಲ್ಲಿ ಕಲಿತ ಮಗು, ಆ ಭಾಷೆಯ ಹೊಸ್ತಿಲು ದಾಟಿದಂತೆಯೇ.

ಆಚರಣೆಯ ಹೊತ್ತಿನಲ್ಲಿ ಬಿಟ್ಟುಹೋಗುವವರನ್ನೂ ನಾವು ನೆನೆಯಬೇಕು. ಅಜ್ಜ-ಅಜ್ಜಿಯರನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಅವರನ್ನು ಕಂಡೇ ಇರದ ಮಕ್ಕಳಿದ್ದಾರೆ. ಮನಸ್ತಾಪದಿಂದ ಒಡೆದ ಮನೆಗಳಲ್ಲಿ ಅಜ್ಜಿಯ ಹೆಸರೆತ್ತಲೂ ಅವಕಾಶವಿಲ್ಲದ ಮಕ್ಕಳೂ ಇದ್ದಾರೆ. ಇವರಿಗೆ ಈ ದಿನ ನೋವಿನ ದಿನವಾಗಬಾರದು. ಧರ್ಮಕೇಂದ್ರದಲ್ಲಿ ಮೊಮ್ಮಕ್ಕಳು ಹತ್ತಿರವಿಲ್ಲದ ಹಿರಿಯರೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಮಕ್ಕಳೆಲ್ಲ ಹೊರನಾಡಿಗೆ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ದಂಪತಿಗಳು, ವೃದ್ಧಾಶ್ರಮಗಳಲ್ಲಿರುವವರು, ಮದುವೆಯಾಗದೆ ಉಳಿದ ಹಿರಿಯ ಸೋದರತ್ತೆಯರು ಇವರನ್ನೂ ಆಹ್ವಾನಿಸಿದರೆ ಇಬ್ಬರ ಕೊರತೆಯೂ ತುಸು ತುಂಬೀತು. ನಮ್ಮ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳು ಬಹುಸಂಖ್ಯೆಯಲ್ಲಿ ಓದುತ್ತಾರೆ ಎಂಬುದನ್ನೂ ಮರೆಯಬಾರದು. ಅವರ ಅಜ್ಜ-ಅಜ್ಜಿಯರ ಕಥೆ, ಕಸುಬು, ಹಾಡುಗಳಿಗೂ ಅದೇ ಗೋಡೆಯಲ್ಲಿ ಸಮಾನ ಸ್ಥಾನವಿರಲಿ. ಹಿರಿಯರನ್ನು ಗೌರವಿಸಬೇಕೆಂಬುದು ಯಾವುದೇ ಒಂದು ಧರ್ಮದ ಸೊತ್ತಲ್ಲ.

ವ್ಯವಸ್ಥೆಯ ಕೆಲವು ಸಣ್ಣ ಸಂಗತಿಗಳನ್ನೂ ಸೂಚಿಸಬಯಸುತ್ತೇವೆ. ಸಿಂಗಾರ ಎಷ್ಟೇ ಚೆಂದವಿರಲಿ, ಅದು ಮೂರನೆಯ ಮಹಡಿಯಲ್ಲಿದ್ದರೆ ಮೊಣಕಾಲು ನೋವಿನ ಅಜ್ಜಿಗೆ ಅದು ಇಲ್ಲದಂತೆಯೇ. ಪ್ರದರ್ಶನ ನೆಲಮಹಡಿಯಲ್ಲಿರಲಿ. ಬರಹದ ಅಕ್ಷರಗಳು ದೊಡ್ಡದಾಗಿರಲಿ, ಕಣ್ಣಿಗೆ ನಿಲುಕುವ ಎತ್ತರದಲ್ಲಿರಲಿ. ಮಳೆಯಲ್ಲಿ ನೆಂದ ಜಗಲಿಯಲ್ಲಿ ಕಾಲು ಜಾರದಂತೆ ಗೋಣಿ ಹಾಸಿರಲಿ. ಹಿಡಿದುಕೊಂಡು ಏಳಲು ಕೈಯಿರುವ ಕುರ್ಚಿಗಳು, ಹತ್ತಿರದಲ್ಲೇ ಶೌಚಾಲಯ, ಬಿಸಿನೀರು ಇರಲಿ. ವೇದಿಕೆಯ ಭಾಷಣಗಳು ಚಿಕ್ಕದಾಗಿರಲಿ. ಎರಡು ಗಂಟೆ ಕಾಲ ಅತಿಥಿಗಳ ಮಾತು ಕೇಳಿಸಿ, ಮೊಮ್ಮಗುವಿನೊಂದಿಗೆ ಹತ್ತು ನಿಮಿಷವೂ ಕಳೆಯಲು ಬಿಡದೆ ಹಿರಿಯರನ್ನು ಹಿಂದಕ್ಕೆ ಕಳುಹಿಸುವುದು ಗೌರವವೆನಿಸದು. ಮಗು ತನ್ನ ಅಜ್ಜನ ಕೈಹಿಡಿದು ಗೋಡೆಯ ಬಳಿ ಕರೆದೊಯ್ದು, ಇದು ನಿಮಗಾಗಿ ನಾನು ಮಾಡಿದ್ದು ಎಂದು ತೋರಿಸಲು ಸಾಕಷ್ಟು ಸಮಯ ದೊರೆಯಬೇಕು.

ಆಚರಣೆ ಮುಗಿದ ಮೇಲೆ ಈ ಕೈಕೆಲಸಗಳಿಗೆ ಏನಾಗುತ್ತದೆ? ಸಾಮಾನ್ಯವಾಗಿ ಮುಂದಿನ ವಾರ ಸ್ವಾತಂತ್ರ್ಯೋತ್ಸವದ ತಯಾರಿ ತೊಡಗಿದಾಗ ಅವೆಲ್ಲ ಕಸದ ಬುಟ್ಟಿ ಸೇರುತ್ತವೆ. ಹಾಗಾಗಬಾರದು. ಪೋಪ್ ಫ್ರಾನ್ಸಿಸ್ ಅವರಿಗೆ ಪ್ರಾರ್ಥನೆ ಕಲಿಸಿದವರು ಅವರ ತಂದೆಯ ತಾಯಿ ರೋಸಾ. ಆ ಅಜ್ಜಿ ಬರೆದಿಟ್ಟಿದ್ದ ಒಂದು ಬರಹವನ್ನು ಅವರು ತಮ್ಮ ಪ್ರಾರ್ಥನಾ ಗ್ರಂಥದೊಳಗೆ ಜೋಪಾನವಾಗಿ ಇರಿಸಿಕೊಂಡಿದ್ದರು. ಒಂದು ತುಂಡು ಕಾಗದ ಪೋಪರ ಪ್ರಾರ್ಥನಾ ಗ್ರಂಥದಲ್ಲಿ ಉಳಿಯಿತು, ಏಕೆಂದರೆ ಅದು ಒಬ್ಬರಿಂದ ಒಬ್ಬರಿಗೆ ಕೊಟ್ಟದ್ದು. ನಮ್ಮ ಮಕ್ಕಳ ಕಾಗದಗಳೂ ಗರಿಗಳೂ ಹಾಗೆಯೇ ಗೋಡೆಯಿಂದಿಳಿದು ಹಿರಿಯರ ಕೈ ಸೇರಲಿ. ಬರಲಾರದ ಹಿರಿಯರ ಮನೆಗೆ ಮಕ್ಕಳೇ ಹೋಗಿ ಕೊಡಲಿ. ದೂರದ ಊರಿನಲ್ಲಿರುವವರಿಗೆ ಅಂಚೆಯಲ್ಲಿ ಕಳುಹಿಸಲಿ. ಹಾಸಿಗೆ ಹಿಡಿದ ಅಜ್ಜಿಯ ದಿಂಬಿನ ಪಕ್ಕದಲ್ಲಿ, ದೇವರ ಪೀಠದ ಬಳಿಯಲ್ಲಿ ಅವು ಎಷ್ಟೋ ಕಾಲ ಉಳಿದಾವು.

ಇದೆಲ್ಲ ಮಕ್ಕಳಾಟವೆಂದು ಯಾರೂ ತಳ್ಳಿಹಾಕಬಾರದು. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಕಾನೂನನ್ನೇ ಮಾಡಬೇಕಾಯಿತು. ಆ ಕಾನೂನಿನಲ್ಲಿ ‘ಮಕ್ಕಳು’ ಎಂಬ ಪದದ ಅರ್ಥದೊಳಗೆ ಪ್ರಾಪ್ತವಯಸ್ಕರಾದ ಮೊಮ್ಮಕ್ಕಳನ್ನೂ ಸೇರಿಸಲಾಗಿದೆ ಎಂಬುದು ಬಹುಮಂದಿಗೆ ತಿಳಿದಿಲ್ಲ. ಇಂದು ಅಜ್ಜಿಗಾಗಿ ಕಾಗದದ ಹೂ ಮಾಡುತ್ತಿರುವ ಮಗು ನಾಳೆ ಹದಿನೆಂಟು ದಾಟಿದಾಗ ಆಕೆಯ ಪೋಷಣೆಯ ಹೊಣೆ ಕಾನೂನಿನ ಕಣ್ಣಿನಲ್ಲಿಯೂ ಅದರ ಮೇಲೆ ಬರಬಹುದು. ಕಾನೂನು ಜೀವನಾಂಶವನ್ನು ಕೊಡಿಸಬಲ್ಲದು. ಅಕ್ಕರೆಯನ್ನು ಕೊಡಿಸಲಾರದು. ಅದು ಬೆಳೆಯಬೇಕಾದದ್ದು ಬಾಲ್ಯದಲ್ಲಿ, ಪಕ್ಕದಲ್ಲಿ ಕುಳಿತು ಗಂಟು ಹಾಕಲು ಕಲಿಯುವ ವಯಸ್ಸಿನಲ್ಲಿ.

ಸಂತ ಪೌಲರು ತಮ್ಮ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಆತನಲ್ಲಿರುವ ವಿಶ್ವಾಸ ಮೊದಲು ನೆಲೆಗೊಂಡಿದ್ದು ಆತನ ಅಜ್ಜಿ ಲೋವಿಯಲ್ಲಿ, ಬಳಿಕ ತಾಯಿ ಯೂನಿಕೆಯಲ್ಲಿ ಎಂದು ಸ್ಮರಿಸುತ್ತಾರೆ. ಬಾಲಯೇಸುವನ್ನು ದೇವಾಲಯದಲ್ಲಿ ಎತ್ತಿಕೊಂಡು ಗುರುತಿಸಿದವರು ಮುಪ್ಪಿನ ಸಿಮೆಯೋನರು. ದೇವರನ್ನು ಸ್ತುತಿಸಿ ಆ ಮಗುವಿನ ವಿಷಯವನ್ನು ಇತರರಿಗೆ ತಿಳಿಸಿದವರು ಎಂಬತ್ತನಾಲ್ಕರ ವಿಧವೆ ಅನ್ನಮ್ಮ. ವಿಶ್ವಾಸ ಹೀಗೆ ಹಿರಿಯರ ಕೈಯಿಂದ ಕಿರಿಯರ ಕೈಗೆ ದಾಟುತ್ತ ಬಂದಿದೆ. ನಮ್ಮ ಹಿರಿಯರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಮೊಮ್ಮಗು ಗರಿ ಹಿಡಿದು ಬಳಿಗೆ ಬಂದಾಗ, ಈಗಿನ ಮಕ್ಕಳಿಗೆ ಏನೂ ಬಾರದೆಂದು ಗದರದೆ, ಕನ್ನಡಕ ಸರಿಪಡಿಸಿಕೊಂಡು ತಾಳ್ಮೆಯಿಂದ ಕಲಿಸಿಕೊಡಿ. ಹೆತ್ತವರು ಕತ್ತರಿಯನ್ನು ತಮ್ಮ ಕೈಯಿಂದ ಕೆಳಗಿಟ್ಟು, ಮಗುವನ್ನು ಒಳಕೋಣೆಗೆ ಕಳುಹಿಸಿಕೊಡಲಿ. ಶಿಕ್ಷಕರು ವಕ್ರವಾದ ಚಿತ್ರಕ್ಕೂ ಗೋಡೆಯಲ್ಲಿ ಸ್ಥಳ ಕೊಡಲಿ. ಹಾಗಾದಾಗ ನಮ್ಮ ಶಾಲೆಗಳ ಗೋಡೆಗಳು ಈ ವರ್ಷ ನಿಜವಾಗಿಯೂ ಸಿಂಗಾರಗೊಳ್ಳುವುವು. ಎಲ್ಲ ಅಜ್ಜ-ಅಜ್ಜಿಯರಿಗೂ ಅವರ ಮೊಮ್ಮಕ್ಕಳಿಗೂ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಶುಭಾಶಯಗಳನ್ನು ಕೋರುತ್ತೇವೆ.